ಚಕ್ರಕ್ಕೆ ಕೊಡುವ ಕಲ್ಲು

ನಮ್ಮ ಕಡೆಯ ಕಾರುಗಳ ಡಿಕ್ಕಿಯಲ್ಲಿರುವ ಸ್ಟೆಪ್ನಿಗೆ ಗಾಳಿ ಇರುತ್ತದೋ ಇಲ್ಲವೋ ಹೇಳಲಾರೆ, ಒಂದು ಕಲ್ಲು ಮಾತ್ರ ಇದ್ದೇ ಇರುತ್ತದೆ. ದಕ್ಷಿಣ ಕೊಡಗಿನಲ್ಲಿ ಸಪಾಟು ಜಾಗ ಅಂತ ಇರುವುದು ಹಾಕಿ ಮೈದಾನ ಒಂದೇ. ಮನೆ, ಅಂಗಡಿ, ಆಸ್ಪತ್ರೆ, ಮದುವೆ ಮಂಟಪ, ಎಲ್ಲದರ ಮುಂದೆಯೂ ಒಂದೋ ಏರು, ಇಲ್ಲವೇ ಇಳಿಜಾರು. ಕಾರು ನಿಲ್ಲಿಸಿದ ಕೂಡಲೇ ಪಕ್ಕದಲ್ಲಿ ಕೂತವರು ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಡಬೇಕು. "ಕಲ್ಲು ಕೊಟ್ಯಾ?" ಅಂತ ಕೇಳಿ, "ಕೊಟ್ಟೆ" ಅಂದ ಮೇಲೆಯೇ ಓಡಿಸುವವರು ಬ್ರೇಕಿನಿಂದ ಕಾಲು ತೆಗೆಯುವುದು.

ನಮ್ಮ ಕಾರಿಗೆ ಹನ್ನೊಂದು ವರ್ಷ ಕಲ್ಲು ಕೊಟ್ಟವಳು ನನ್ನ ಹೆಂಡತಿ. ಅರ್ಧ ಇಟ್ಟಿಗೆಯಷ್ಟು ದೊಡ್ಡ ಕರಿಕಲ್ಲು ಅದು. ಗೋಣಿಚೀಲದ ಚೂರಿನಲ್ಲಿ ಸುತ್ತಿ ಡಿಕ್ಕಿಯ ಮೂಲೆಯಲ್ಲಿ ಇಡುತ್ತಿದ್ದಳು. ಸೀರೆ ಎತ್ತಿ ಸಿಕ್ಕಿಸಿಕೊಂಡು, ಬಗ್ಗಿ ಕಲ್ಲು ಕೊಟ್ಟು, ಕೈ ಕೊಡವಿಕೊಂಡು "ಆಯ್ತು, ಇಳೀರಿ ಸಾಹೇಬ್ರೇ" ಅಂತ ನನ್ನನ್ನು ಅಣಕಿಸುತ್ತಿದ್ದಳು. ಅವಳ ಕಾಲು ಊದಿಕೊಳ್ಳಲು ಶುರುವಾದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು.

ನಾನು ಗೋಣಿಕೊಪ್ಪಲಿನಿಂದ ಎಂಟು ಕಿಲೋಮೀಟರ್ ಒಳಗೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಲೈನ್ ಮನೆಗಳಲ್ಲಿರುವ ಆಳುಗಳ ಹಾಜರಿ ಬರೆಯುವುದು, ಪಿಕ್ಕಿಂಗ್ ಸಮಯದಲ್ಲಿ ಚೀಲ ತೂಗಿಸುವುದು ನನ್ನ ಕೆಲಸ. ಹುಟ್ಟಿದ್ದು ಶಿರಂಗಾಲದಲ್ಲಿ. ಅಲ್ಲಿ ಗದ್ದೆ ಬಯಲಿನಲ್ಲಿ ಎತ್ತಿನ ಗಾಡಿಯ ನೊಗ ಕಳಚಿ ಬಿಟ್ಟರೆ ಗಾಡಿ ಬಿಟ್ಟಲ್ಲೇ ನಿಂತಿರುತ್ತದೆ. ಅದಕ್ಕೇ ಇರಬೇಕು, ಇಪ್ಪತ್ತೆಂಟು ವರ್ಷದಿಂದ ಈ ಎಸ್ಟೇಟಿನ ಮನೆಯಲ್ಲಿದ್ದರೂ ಇಲ್ಲಿನ ಇಳಿಜಾರನ್ನು ಕಂಡರೆ ನನಗೆ ಒಳಗೊಳಗೇ ಸಿಟ್ಟು. ಸಿಟ್ಟು ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ. ಅದನ್ನು ಮುಚ್ಚಿಟ್ಟು ಈ ಕಥೆ ಹೇಳಲು ಬರುವುದಿಲ್ಲ.

ಎರಡು ವರ್ಷದ ಹಿಂದೆ ಹೆಂಡತಿಯ ಕಿಡ್ನಿ ಎರಡೂ ಕೈಕೊಟ್ಟವು. ವಾರಕ್ಕೆ ಎರಡು ಸಲ, ಸೋಮವಾರ ಮತ್ತು ಗುರುವಾರ, ಡಯಾಲಿಸಿಸ್ ಆಗಲೇಬೇಕು ಅಂದರು. ಹತ್ತಿರದಲ್ಲಿ ಪಾಳಿ ಸಿಗದೆ ಕೊನೆಗೆ ಸಿಕ್ಕಿದ್ದು ಮಡಿಕೇರಿಯಲ್ಲಿ. ಹೋಗಿಬರಲು ನೂರು ಕಿಲೋಮೀಟರಿನ ಮೇಲೆ. ಮೊದಲ ತಿಂಗಳು ಬಸ್ಸಿನಲ್ಲೇ ಕರೆದುಕೊಂಡು ಹೋದೆ. ಬರುವಾಗ ಬಿ.ಪಿ. ಇಳಿದು, ವಿರಾಜಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರ ಮುಂದೆ ವಾಂತಿ ಮಾಡಿಕೊಂಡು, "ಮುಖ ಮುಚ್ಚಿ ಕಣ್ರೀ, ಗುರುತಿನೋರು ಯಾರಾರ ನೋಡ್ತಾರೆ" ಅಂದಳು. ಅವತ್ತಿನಿಂದ ನಮ್ಮ ಹಳೆಯ ಕಾರೇ ನಮಗೆ ಗತಿಯಾಯಿತು.

ಈ ವರ್ಷ ಬೇಸಿಗೆಯಲ್ಲಿ ಒಂದು ದಿನ ಮಡಿಕೇರಿಯಿಂದ ಬಂದು ಅಂಗಳದಲ್ಲಿ ಕಾರು ನಿಲ್ಲಿಸಿದೆ. ಹ್ಯಾಂಡ್ ಬ್ರೇಕ್ ಎಳೆದು, ಕಲ್ಲು ಕೊಡಲು ಇಳಿದೆ. ಅವಳಿಗೆ ಏನು ಅವಸರವಾಯಿತೋ, ನಾನು ಡಿಕ್ಕಿ ತೆಗೆಯುವುದರೊಳಗೆ ಒಂದು ಕಾಲು ಕೆಳಗಿಟ್ಟಿದ್ದಳು. ಕಾರು ಒಂದು ಮೊಳ ಹಿಂದಕ್ಕೆ ಜಾರಿತು. ಬಾಗಿಲು ಅವಳನ್ನು ದಬ್ಬಿ ಮಂಡಿಯ ಮೇಲೆ ಬೀಳಿಸಿತು. ಬೀಳುವಾಗಲೂ ಎಡಗೈಯನ್ನು ಮೇಲೆತ್ತಿ ಹಿಡಿದುಕೊಂಡೇ "ಕೈ, ಕೈ!" ಅಂತ ಕೂಗಿಕೊಂಡಳು. ಡಯಾಲಿಸಿಸ್ ಸೂಜಿ ಚುಚ್ಚಲು ಆಪರೇಷನ್ ಮಾಡಿಟ್ಟ ಕೈ ಅದು. ಆ ಕೈಗೆ ಪೆಟ್ಟಾದರೆ ಎಲ್ಲ ಮುಗಿದಂತೆ ಅಂತ ಡಾಕ್ಟರು ಸಾವಿರ ಸಲ ಹೇಳಿದ್ದರು. ಪುಣ್ಯಕ್ಕೆ ಕೈಗೆ ಏನೂ ಆಗಿರಲಿಲ್ಲ. ಅವಳನ್ನು ಎಬ್ಬಿಸಿ ನಿಲ್ಲಿಸಿ, ಕಾರಿನ ಬಂಪರಿಗೆ ಒದ್ದೆ. ಆ ಇಡೀ ವಾರ ಕಣ್ಣು ಮುಚ್ಚಿದರೆ ಕಾರು ಜಾರುವುದೇ ಕಾಣುತ್ತಿತ್ತು.

ಮಳೆಗೆ ಮುಂಚೆ ಪ್ರತಿ ವರ್ಷ ಮಾಡಿಸುವ ಸರ್ವಿಸಿಗೆ ಗೋಣಿಕೊಪ್ಪಲಿಗೆ ಕಾರು ತೆಗೆದುಕೊಂಡು ಹೋದಾಗ ಮೆಕ್ಯಾನಿಕ್‌ಗೆ ಹೇಳಿದ್ದೂ ಅದೊಂದೇ. ಅವನು ಮಲಯಾಳಿ, ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ಚಿಕ್ಕವನು. ಕಾರು ಕೊಂಡ ದಿನದಿಂದ ನನ್ನ ಕಾರಿಗೆ ಕೈ ಹಾಕಿದವನು ಅವನೊಬ್ಬನೇ.

"ಆಯಿಲ್ಲು, ಫಿಲ್ಟರು ಏನು ಬೇಕಾದರೂ ಮಾಡು. ಹ್ಯಾಂಡ್ ಬ್ರೇಕ್ ಮಾತ್ರ ಒಂಚೂರೂ ಕದಲಬಾರದು, ನೋಡು" ಅಂದೆ.

"ಜಾಸ್ತಿ ಟೈಟ್ ಬೇಡ ಸಾರೇ, ಬ್ರೇಕ್ ಲೈನರ್ ವೀಲನ್ನ ಹಿಡಿತದೆ" ಅಂದ ಅವನು. ಎರಡು ಸೀಟಿನ ನಡುವಿನ ಮುಚ್ಚಳ ಎತ್ತಿ, ಹತ್ತನೇ ನಂಬರ್ ಸ್ಪ್ಯಾನರಿನಲ್ಲಿ ಒಂದು ನಟ್ ತಿರುಗಿಸಿದ. "ಇಷ್ಟು ಸಾಕು."

ಅವನಿಗೆ ಸಾಕು. ಮನೆಗೆ ಬಂದು ಅಂಗಳದಲ್ಲಿ ನಿಲ್ಲಿಸಿ ನೋಡಿದರೆ ಕಾರು ಒಂದು ಬೆರಳಿನಷ್ಟು ಕದಲಿತು. ನನಗೆ ಮೈಯೆಲ್ಲ ಉರಿಯಿತು. ಅವನು ಮಾಡಿದ್ದನ್ನು ನೋಡಿಕೊಂಡಿದ್ದೆನಲ್ಲ, ಎಸ್ಟೇಟ್ ಶೆಡ್ಡಿನಿಂದ ಸ್ಪ್ಯಾನರ್ ತಂದು ನಾನೇ ಆ ನಟ್ಟನ್ನು ಮೂರು ಸುತ್ತು ಬಿಗಿ ಮಾಡಿದೆ. ಕಾರು ಬಂಡೆಯ ಹಾಗೆ ನಿಂತಿತು. ಅವಳನ್ನು ಕರೆದು ತೋರಿಸಿದೆ.

"ಹಂಗಾರೆ ಇನ್ಮೇಲೆ ಕಲ್ಲು ಬ್ಯಾಡ್ವಾ?" ಅಂದಳು.

"ಬೇಡ. ಎತ್ತಿ ಬಿಸಾಡು."

"ಪಾಪ ಕಣ್ರೀ, ಹದಿಮೂರ್ ವರ್ಷ ದುಡಿದೈತೆ" ಅಂತ ಕಲ್ಲನ್ನು ತೊಳೆದು ಬಚ್ಚಲ ಹಿಂದೆ ನಲ್ಲಿಯ ಹತ್ತಿರ ಇಟ್ಟಳು. ಪಾತ್ರೆ ಉಜ್ಜುವ ನಾರು ಒಣಗಿಸಲು ಆಗುತ್ತದೆ ಅಂದಳು. ಸ್ಪ್ಯಾನರನ್ನು ನಾನು ಡ್ಯಾಷ್‌ಬೋರ್ಡಿನ ಗೂಡಿನೊಳಗೆ ಎಸೆದೆ. ಆ ಮೂರು ಸುತ್ತಿನ ವಿಷಯ ನನ್ನ ತಲೆಯಿಂದ ಅಲ್ಲಿಗೆ ಹೊರಟುಹೋಯಿತು.

ಮೈಲೇಜು ಬಿದ್ದದ್ದು ಮುಂದಿನ ವಾರದಿಂದ.

ನಾನು ಮೈಲೇಜು ನೋಡುವುದು ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ. ಈ ಏರು ತಿರುವಿನ ರಸ್ತೆಯಲ್ಲೂ ಲೀಟರಿಗೆ ಹದಿನಾರು ಕೊಡುತ್ತಿದ್ದ ಕಾರು ಹನ್ನೆರಡಕ್ಕೆ ಇಳಿಯಿತು. ಆಮೇಲೆ ಹನ್ನೊಂದಕ್ಕೆ. ಮಡಿಕೇರಿಗೆ ಹೋಗಿ ಬರುವುದರೊಳಗೆ ಪೆಟ್ರೋಲ್ ಮುಳ್ಳು ಕಣ್ಣೆದುರಿಗೇ ಕೆಳಗೆ ಇಳಿಯುತ್ತಿತ್ತು. ನನ್ನ ಸಂಬಳದಲ್ಲಿ ಅವಳ ಔಷಧ, ಇಂಜೆಕ್ಷನ್, ಪೆಟ್ರೋಲ್ ಈ ಮೂರೂ ಒಂದಕ್ಕೊಂದು ಭುಜ ತಾಗಿಸಿಕೊಂಡು ಹೇಗೋ ಕೂತಿದ್ದವು. ಅದರಲ್ಲಿ ಒಂದು ಸ್ವಲ್ಪ ದಪ್ಪಗಾದರೂ ಇನ್ನೊಂದು ಕೆಳಗೆ ಬೀಳಬೇಕು. ಯಾವುದನ್ನು ಬೀಳಿಸಲಿ?

ಸರ್ವಿಸ್ ಮಾಡಿಸಿದ ಮೇಲೆ ಹೀಗಾಗಿದೆ ಅಂದರೆ ಸರ್ವಿಸ್ ಮಾಡಿದವನದೇ ತಪ್ಪು, ಇದರಲ್ಲಿ ಯೋಚನೆ ಮಾಡುವುದು ಏನಿದೆ? ಗೋಣಿಕೊಪ್ಪಲಿಗೆ ಹೋಗಿ ಅವನ ಮೇಲೆ ಎಗರಿದೆ. ಅವನು ಏರ್ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿದು ತೋರಿಸಿದ. ಪ್ಲಗ್ ಬಿಚ್ಚಿ ನೋಡಿದ. ಆಯಿಲ್ ಕಡ್ಡಿ ಎಳೆದು ಒರೆಸಿ ನನ್ನ ಮೂಗಿನ ಹತ್ತಿರವೇ ಹಿಡಿದ. ಟೈರಿಗೆ ಗಾಳಿ ಹಾಕಿದ. ಎಲ್ಲ ಸರಿ ಇತ್ತು.

"ಒಂದು ದಿವಸ ಗಾಡಿ ಬಿಟ್ಟು ಹೋಗಿ ಸಾರೇ. ನಾನೇ ಓಡಿಸಿ ನೋಡ್ತೇನೆ. ಹಿಂದಿನ ವೀಲೆಲ್ಲ ಬಿಚ್ಚಿ ನೋಡ್ಬೇಕು."

"ನಾಳೆ ಗುರುವಾರ. ನಾಳೆ ಅವಳನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗಲಾ?"

"ಶುಕ್ರವಾರ ತನ್ನಿ."

"ನೀನು ಹಾಕಿದ ಆಯಿಲ್ಲೇ ಕಳ್ಳಮಾಲು. ಹಳೇ ಗಿರಾಕಿ ಅಂತ ಕಣ್ಣು ಮುಚ್ಚಿ ನಂಬಿದ್ದಕ್ಕೆ ನನ್ನ ಹೊಟ್ಟೆ ಮೇಲೆ ಹೊಡೆದೆ" ಅಂದೆ. ಗ್ಯಾರೇಜಿನಲ್ಲಿ ಇನ್ನೂ ಇಬ್ಬರು ಗಿರಾಕಿಗಳಿದ್ದರು. ಅವನ ಮುಖ ಕಪ್ಪಿಟ್ಟಿತು. ಕೈಯಲ್ಲಿದ್ದ ವೇಸ್ಟ್ ಬಟ್ಟೆಯನ್ನು ಕೆಳಗೆ ಹಾಕಿ ಒಳಗೆ ಹೋದ. ಶುಕ್ರವಾರ ನಾನು ಹೋಗಲಿಲ್ಲ. ಅವನೇ ಎರಡು ಸಲ ಫೋನ್ ಮಾಡಿದ, ಎರಡು ಸಲವೂ ಕಟ್ ಮಾಡಿದೆ.

ಆಮೇಲೆ ನನ್ನದೇ ರಿಪೇರಿ ಶುರುವಾಯಿತು. ಬಂಕ್ ಬದಲಾಯಿಸಿದೆ. ಎ.ಸಿ. ಮುಟ್ಟಲಿಲ್ಲ. ಗಾಜು ಮಂಜಾದರೆ ಟವಲಿನಲ್ಲಿ ಒರೆಸುತ್ತಾ ಓಡಿಸಿದೆ. ಮಡಿಕೇರಿಯಿಂದ ಇಳಿಯುವಾಗ ನ್ಯೂಟ್ರಲ್ ಹಾಕಿ ಬಿಡುತ್ತಿದ್ದೆ. ಅವಳು ಮೇಲಿನ ಹಿಡಿ ಹಿಡಿದುಕೊಂಡು ಕಣ್ಣು ಮುಚ್ಚಿ ಕೂರುತ್ತಿದ್ದಳು. ಮೊದಲೆಲ್ಲ ನ್ಯೂಟ್ರಲ್ ಹಾಕಿದರೆ ಕಾರು ಹುಚ್ಚು ಹಿಡಿದ ಹಾಗೆ ಓಡುತ್ತಿತ್ತು, ಈಗ ತೆವಳುತ್ತಿತ್ತು. ಅದನ್ನು ನೋಡಿಯಾದರೂ ಗೊತ್ತಾಗಬೇಡವೇ? ಎಂಜಿನ್ನೇ ಸತ್ತಿದೆ ಅಂದುಕೊಂಡೆ. ಇಳಿಜಾರಿನಲ್ಲಿ ಎಂಜಿನ್ನಿಗೆ ಏನು ಕೆಲಸ ಅಂತ ಯೋಚಿಸುವಷ್ಟು ತಲೆ ನೆಟ್ಟಗಿರಲಿಲ್ಲ.

ಕೊನೆಗೆ ತೂಕ ಇಳಿಸಲು ಹೊರಟೆ. ಒಂದು ಬುಧವಾರ ಸಂಜೆ ಡಿಕ್ಕಿ ತೆಗೆದು ಒಂದೊಂದೇ ಸಾಮಾನು ಹೊರಗೆ ಹಾಕಿದೆ. ಹಳೆಯ ಬ್ಯಾಟರಿ, ಜ್ಯಾಕ್, ಕೊಡೆಗಳು. ಆಮೇಲೆ ಅವಳ ಸಾಮಾನು. ದಾರಿಯಲ್ಲಿ ಸುಸ್ತಾದರೆ ಹಾಸಿ ಮಲಗಿಸಲು ಇಟ್ಟ ಚಾಪೆ, ಬಿಸಿನೀರಿನ ಫ್ಲಾಸ್ಕು, ವಾಂತಿಗೆ ಇಟ್ಟ ಬಕೀಟು, ಕಂಬಳಿ, ದಿಂಬು. ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ದಿಂಬು ಎಷ್ಟ್ ತೂಕ ಐತ್ರೀ?" ಅಂದಳು. ನಗುತ್ತಲೇ ಕೇಳಿದ್ದು.

"ಎಲ್ಲ ಸೇರಿದರೆ ತೂಕವೇ. ನಿನಗೆ ಏನು ಗೊತ್ತು? ಮುಳ್ಳು ನೋಡು ಹೋಗಿ, ಸೋಮವಾರ ತುಂಬಿಸಿದ್ದು" ಅಂತ ರೇಗಿದೆ.

ಅವಳು ನಿಜವಾಗಿಯೂ ಹೋಗಿ, ಕೀಲಿ ತಿರುಗಿಸಿ, ಮುಳ್ಳು ನೋಡಿ ಬಂದಳು. ಆ ದಿನದಿಂದ ಕಾರು ಹತ್ತಿದ ಕೂಡಲೇ ಅವಳ ಕಣ್ಣು ಮೊದಲು ಹೋಗುತ್ತಿದ್ದುದು ಅಲ್ಲಿಗೇ. ನಾನಂತೂ ದಾರಿಯುದ್ದಕ್ಕೂ ವರದಿ ಕೊಡುತ್ತಿದ್ದೆ. ವಿರಾಜಪೇಟೆಗೆ ಬರುವುದರೊಳಗೆ ಇಷ್ಟು ಕುಡೀತು, ಮೂರ್ನಾಡಿಗೆ ಇಷ್ಟು, ಇದು ಕಾರಲ್ಲ, ಕುಡುಕ. ಪಕ್ಕದಲ್ಲಿ ಕೂತವಳಿಗೆ ಅದು ಹೇಗೆ ಕೇಳಿಸುತ್ತಿರಬಹುದು ಅಂತ ಒಂದು ದಿನವೂ ಯೋಚಿಸಲಿಲ್ಲ.

ಜುಲೈ ತಿಂಗಳಿನ ಒಂದು ಗುರುವಾರ ಬೆಳಗ್ಗೆ ಹೊರಡಲು ಕರೆದರೆ ಅವಳು ಸೀರೆಯನ್ನೇ ಉಟ್ಟಿರಲಿಲ್ಲ.

"ಇವತ್ತು ಬ್ಯಾಡ ಬಿಡ್ರೀ. ನಾನು ನೀರು ಕಮ್ಮಿ ಕುಡೀತಾ ಇದೀನಲ್ಲ, ಇನ್ಮೇಲೆ ವಾರಕ್ಕೆ ಒಂದೇ ಸಾಕು ಅಂತ ಸಿಸ್ಟರ್ ಹೇಳವ್ರೆ."

"ಹೌದಾ? ಯಾವಾಗ ಹೇಳಿದರು?"

"ಸೋಮವಾರ. ನೀವು ಹೊರಗಡೆ ಇದ್ರಲ್ಲ."

ಇದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ಆ ಮಾತು ಕೇಳಿ ನನಗೆ ಹಾಯೆನಿಸಿತು. ಅನುಮಾನ ಬರಲಿಲ್ಲ, ಆಸ್ಪತ್ರೆಗೆ ಒಂದು ಫೋನ್ ಮಾಡಿ ಕೇಳೋಣ ಅನ್ನಿಸಲಿಲ್ಲ. ಅಬ್ಬ, ಈ ವಾರ ಅರ್ಧ ಟ್ಯಾಂಕ್ ಉಳಿಯಿತು ಅಂತ ಅನ್ನಿಸಿತು, ಅಷ್ಟೇ. "ಒಳ್ಳೇದೇ ಆಯಿತು ಬಿಡು" ಅಂದು ಹಾಜರಿ ಪುಸ್ತಕ ಹಿಡಿದು ಲೈನಿನ ಕಡೆ ಹೊರಟೆ. ಅವಳು ಬಾಗಿಲಲ್ಲಿ ನಿಂತು ಕೈ ಬೀಸಿದಳು.

ಸೋಮವಾರ ಬಂತು. "ಮೈ ಹಗುರಾಗೈತೆ, ಗುರುವಾರ ಹೋಗನ" ಅಂದಳು. ಮುಖ ಸ್ವಲ್ಪ ಊದಿತ್ತು. ನಿದ್ದೆ ಜಾಸ್ತಿಯಾಯಿತು ಅಂದಳು, ನಂಬಿದೆ. ನಂಬಲು ನನಗೆ ಅನುಕೂಲವಿತ್ತು.

ಬುಧವಾರ ಬೆಳಗ್ಗೆ ಹಾಲಿಗೆ ಹೋಗಲು ಎದ್ದವನು ಜಗುಲಿಯಲ್ಲಿ ಅವಳನ್ನು ನೋಡಿದೆ. ಬೆಂಚಿನ ಮೇಲೆ ಮುಂದಕ್ಕೆ ಬಾಗಿ, ಎರಡೂ ಕೈ ಮಂಡಿಯ ಮೇಲೆ ಊರಿ, ಬಾಯಿ ತೆರೆದು ಉಸಿರು ಎಳೆಯುತ್ತಿದ್ದಳು. ಮಲಗಿದರೆ ಉಸಿರು ಕಟ್ಟುತ್ತದೆ ಅಂತ ಬೆಳಗಿನ ಜಾವದಿಂದ ಹಾಗೇ ಕೂತಿದ್ದಳಂತೆ. ನನ್ನನ್ನು ಎಬ್ಬಿಸಲಿಲ್ಲ. ಕಾಲನ್ನು ಒತ್ತಿ ನೋಡಿದರೆ ಬೆರಳು ಒಳಗೆ ಹೋಗಿ ಗುಳಿ ಹಾಗೇ ಉಳಿಯಿತು. ಆಂಬುಲೆನ್ಸಿಗೆ ಹೇಳಿದರೆ ಈ ಎಸ್ಟೇಟ್ ರಸ್ತೆಗೆ ಅದು ಬಂದು ಸೇರುವುದರೊಳಗೆ ನಾನು ಅರ್ಧ ದಾರಿ ಹೋಗಿರುತ್ತೇನೆ ಅಂತ ಲೆಕ್ಕ ಹಾಕಿ, ಅವಳನ್ನು ತಬ್ಬಿಕೊಂಡು ತಂದು ಮುಂದಿನ ಸೀಟಿನಲ್ಲಿ ಕೂರಿಸಿದೆ. ಬೆನ್ನಿಗೆ ಕೊಡಲು ದಿಂಬು ಹುಡುಕಿದರೆ ಡಿಕ್ಕಿಯಲ್ಲಿ ದಿಂಬಿಲ್ಲ. ಒಳಗೆ ಓಡಲು ಪುರಸೊತ್ತಿಲ್ಲ. ನನ್ನ ಸ್ವೆಟರ್ ಬಿಚ್ಚಿ ಸುತ್ತಿ ಕೊಟ್ಟೆ.

ಆ ದಿನ ಎಷ್ಟೋ ವಾರದ ಮೇಲೆ ಬಿಸಿಲು ಬಿದ್ದಿತ್ತು. ರಸ್ತೆ ಒಣಗಿತ್ತು. ಅಲ್ಲಿಯವರೆಗೆ ಮಳೆ ನೀರು ಚಕ್ರಗಳನ್ನು ತಣ್ಣಗೆ ಇಡುತ್ತಿತ್ತು ಅಂತ ನನಗೆ ತಿಳಿದದ್ದು ಆಮೇಲೆ. ಮೂರ್ನಾಡು ದಾಟಿ ಏರು ಶುರುವಾದಾಗ ಕಾರು ತಿಣುಕಿತು. ಎರಡನೇ ಗೇರ್, ಒಂದನೇ ಗೇರ್. ಸುಟ್ಟ ವಾಸನೆ ಬಂತು. ಮುಳ್ಳು ಕೆಳಗೆ ಬಿದ್ದು ಕೆಂಪು ದೀಪ ಹತ್ತಿತ್ತು. ಹಿಂದಿನವರು ಹಾರ್ನ್ ಹೊಡೆದು ಬೈದುಕೊಂಡು ಮುಂದೆ ಹೋದರು.

"ಮೆಲ್ಲಗೆ... ಹೋಗಿ" ಅಂದಳು ಅವಳು. ಎರಡು ಮಾತಿನ ನಡುವೆ ಎರಡು ಸಲ ಉಸಿರು ಎಳೆದುಕೊಂಡಳು. "ಪೆಟ್ರೋಲ್... ಆಗೋಗ್ತದೆ."

"ಪೆಟ್ರೋಲ್ ಹಾಳಾಗಿ ಹೋಗಲಿ!" ಅಂತ ಕಿರುಚಿದೆ.

ಕನ್ನಡಿಯಲ್ಲಿ ಹೊಗೆ ಕಂಡಿತು. ಬದಿಗೆ ನಿಲ್ಲಿಸಿ ಇಳಿದು ಓಡಿದೆ. ಹಿಂದಿನ ಚಕ್ರದಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ಮುಟ್ಟಿದೆ, ಬೆರಳು ಸುಟ್ಟಿತು. ಕೈ ಕೊಡವಿಕೊಂಡು ಅಲ್ಲೇ ನಿಂತೆ. ಏನು ಮಾಡಬೇಕು ಅಂತ ದೇವರಾಣೆ ತಿಳಿಯಲಿಲ್ಲ. ಹೋಗುವ ಎರಡು ಜೀಪಿಗೆ ಕೈ ಅಡ್ಡ ಹಾಕಿದೆ. ಎರಡರಲ್ಲೂ ಆಳುಗಳು ತುಂಬಿದ್ದರು. ಒಳಗೆ ಅವಳ ತಲೆ ಗಾಜಿಗೆ ಒರಗಿತ್ತು. ಯಾರಿಗೆ ಮಾಡಲಿ ಅಂತ ಫೋನ್ ತೆಗೆದರೆ ಬೆರಳು ತಾನಾಗಿಯೇ ಹೋದದ್ದು, ನಾನು ಕಳ್ಳ ಅಂದವನ ನಂಬರಿಗೆ.

ಮೊದಲ ರಿಂಗಿಗೇ ಎತ್ತಿದ. "ಸಾರೇ?"

"ಕಾರು ಹೋಗ್ತಾ ಇಲ್ಲಪ್ಪಾ. ಚಕ್ರದಲ್ಲಿ ಹೊಗೆ. ಇವಳಿಗೆ ಉಸಿರಾಡಲು ಆಗ್ತಾ ಇಲ್ಲ. ಮೂರ್ನಾಡು ಏರಿನಲ್ಲಿದೀನಿ."

"ಹೆದರ್ಬೇಡಿ. ಯಾವ ವೀಲು? ಹಿಂದಿಂದಾ? ಹೋಗಿ ಸೀಟಲ್ಲಿ ಕೂತ್ಕೊಳ್ಳಿ. ಹ್ಯಾಂಡ್ ಬ್ರೇಕ್ ಲಿವರ್ ಕೆಳಗೆ ಇದೆಯಾ?"

"ಕೆಳಗೇ ಇದೆ. ನಾನು ಎಳೆದೇ ಇಲ್ಲ."

"ನ್ಯೂಟ್ರಲ್ ಮಾಡಿ ಬ್ರೇಕಿಂದ ಕಾಲು ತೆಗೀರಿ. ಗಾಡಿ ಹಿಂದೆ ಜಾರ್ತದಾ?"

ಕಾಲು ತೆಗೆದೆ. ಲಾರಿ ಕೂಡ ಉರುಳಿಹೋಗುವಂಥ ಏರು ಅದು. ಕಾರು ನಿಂತೇ ಇತ್ತು. ಚಕ್ರಕ್ಕೆ ಕಲ್ಲಿಲ್ಲ, ಗೇರಿಲ್ಲ, ಬ್ರೇಕಿಲ್ಲ, ಆದರೂ ನಿಂತಿತ್ತು. "ಇಲ್ಲ" ಅಂದೆ.

"ಸಾರೇ, ನಾನು ಮಾಡಿದ ಮೇಲೆ ಹ್ಯಾಂಡ್ ಬ್ರೇಕಿಗೆ ಯಾರಾದ್ರೂ ಕೈ ಹಾಕಿದ್ರಾ?"

ಅಂಗಳ, ಸ್ಪ್ಯಾನರು, ಮೂರು ಸುತ್ತು, ನಲ್ಲಿಯ ಹತ್ತಿರದ ಕಲ್ಲು ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂದವು. ಏಳು ವಾರ ನಾನು ಬ್ರೇಕ್ ಹಾಕಿಕೊಂಡೇ ಅವಳನ್ನು ಮಡಿಕೇರಿಗೆ ಎಳೆದುಕೊಂಡು ಹೋಗಿದ್ದೆ. ಕಲ್ಲು ಕೊಡುವ ಅಭ್ಯಾಸ ಬಿಡದಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಕಲ್ಲು ಕೊಟ್ಟು ಬ್ರೇಕ್ ಬಿಟ್ಟಾಗ ಕಾರು ಒಂಚೂರು ಹಿಂದೆ ಬಂದು ಕಲ್ಲಿಗೆ ಒರಗಬೇಕು. ಅದನ್ನು ನೋಡದ ಚಾಲಕ ನಮ್ಮಲ್ಲಿ ಯಾರಿದ್ದಾರೆ?

"ನಾನೇ" ಅಂದೆ. "ನಾನೇ ಮೂರು ಸುತ್ತು ಬಿಗಿ ಮಾಡಿದ್ದೆ."

ಅವನು ಬೈಯಬೇಕಿತ್ತು. "ಸ್ಪ್ಯಾನರ್ ಉಂಟಾ?" ಅಂತ ಮಾತ್ರ ಕೇಳಿದ. ಗೂಡಿನಲ್ಲೇ ಇತ್ತು. "ಬಲಗಾಲು ಬ್ರೇಕ್ ಮೇಲೆ ಇಡಿ, ತೆಗೀಬೇಡಿ. ಮುಚ್ಚಳ ಎತ್ತಿ ನಾಲ್ಕು ಸುತ್ತು ಲೂಸ್ ಮಾಡಿ. ಆಮೇಲೆ ಕಾಲು ಮೆಲ್ಲ ಎತ್ತಿ ನೋಡಿ."

ಸ್ಪ್ಯಾನರ್ ಎರಡು ಸಲ ಕೈಯಿಂದ ಜಾರಿ ಸೀಟಿನ ಕೆಳಗೆ ಬಿತ್ತು. ಎರಡನೇ ಸಲ ಅದನ್ನು ಎತ್ತಿ ಕೊಟ್ಟವಳು ಅವಳೇ. ಒಂದು, ಎರಡು, ಮೂರು, ನಾಲ್ಕು. ಕಾಲು ಎತ್ತಿದೆ. ಕಾರು ಸ್ವಲ್ಪ ಹಿಂದಕ್ಕೆ ಹೊರಟಿತು. ಅವಳಿಗೆ ಅಂಗಳದಲ್ಲಿ ಬಿದ್ದದ್ದು ನೆನಪಾಗಿರಬೇಕು, ನನ್ನ ತೋಳು ಹಿಡಿದುಕೊಂಡಳು. "ಜಾರ್ತಾ... ಐತೆ ರೀ."

"ಜಾರಲಿ ಕಣೇ, ಜಾರಲಿ" ಅಂದೆ. ಅಳುತ್ತಿದ್ದೆ. ಫೋನಿನಲ್ಲಿ ಅವನು "ಸಾಕು, ಈಗ ಹೋಗಿ ಸಾರೇ, ಫೋನ್ ಇಡಿ, ಹೋಗಿ" ಅನ್ನುತ್ತಿದ್ದ.

ಮಡಿಕೇರಿಯಲ್ಲಿ ಅವಳನ್ನು ಗಾಲಿ ಕುರ್ಚಿಯಲ್ಲಿ ಕೂರಿಸಿ ಆಮ್ಲಜನಕ ಹಾಕಿ ಒಳಗೆ ಕರೆದುಕೊಂಡು ಹೋದರು. ಸಿಸ್ಟರ್ ಕಾಲು ಒತ್ತಿ ನೋಡಿ ನನ್ನ ಕಡೆ ತಿರುಗಿದರು. "ಒಂಬತ್ತು ದಿನ ಬಿಟ್ಟಿದ್ದೀರಲ್ಲ, ನಿಮಗೆ ಬುದ್ಧಿ ಬೇಡ್ವಾ? ಫೋನ್ ಮಾಡಿದ್ರೆ ಅಕ್ಕನೇ ಎತ್ತಿ, ಶಿರಂಗಾಲಕ್ಕೆ ಬಂದಿದ್ದೇನೆ ಅಂದ್ರು."

"ವಾರಕ್ಕೆ ಒಂದು ಸಾಕು ಅಂತ ನೀವೇ..." ಅಂದೆ.

"ನಾನಾ? ನಾನ್ಯಾಕೆ ಹಾಗೆ ಹೇಳ್ಲಿ?" ಅಂದವರು, ನನ್ನ ಮುಖ ನೋಡಿ ಒಳಗೆ ಹೋದರು.

ನಾಲ್ಕು ಗಂಟೆ ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಬೆರಳಿನ ತುದಿಯಲ್ಲಿ ಗುಳ್ಳೆ ಎದ್ದಿತ್ತು. ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ. ಮಧ್ಯಾಹ್ನ ಒಳಗೆ ಬಿಟ್ಟರು. ಅವಳು ಒರಗಿ ಮಲಗಿದ್ದಳು, ಉಸಿರು ಸಮವಾಗಿ ಬರುತ್ತಿತ್ತು. ಎಡಗೈಗೆ ಪಟ್ಟಿ ಸುತ್ತಿದ್ದರು.

"ಯಾಕೆ ಸುಳ್ಳು ಹೇಳಿದೆ?" ಅಂದೆ. ಜೋರು ಮಾಡಬಾರದು ಅಂದುಕೊಂಡಿದ್ದೆ, ಆದರೂ ದನಿ ಏರಿತು.

ಅವಳು ನನ್ನನ್ನೇ ನೋಡಿದಳು. ಸಿಟ್ಟಿರಲಿಲ್ಲ.

"ಚಾಪೆ ಇಳಿಸಿದ್ರಿ, ಕಂಬಳಿ ಇಳಿಸಿದ್ರಿ, ದಿಂಬೂ ಇಳಿಸಿದ್ರಿ. ಆದ್ರೂ ಮುಳ್ಳು ನಿಲ್ಲಲಿಲ್ಲ. ಇಳಿಸಕ್ಕೆ ಆಮೇಲೆ ಉಳಿದಿದ್ದು ನಾನೊಬ್ಳೇ ಅಲ್ವಾ" ಅಂದಳು.

ಮಂಚದ ಕಂಬಿ ಹಿಡಿದುಕೊಂಡು ನಿಂತೆ. ಸಿಸ್ಟರ್ ಬಂದು ಬಿ.ಪಿ. ನೋಡಬೇಕು, ಸ್ವಲ್ಪ ಸರಿಯಿರಿ ಅಂದರು.

ಮೆಕ್ಯಾನಿಕ್ ಹತ್ತಿರ ಶನಿವಾರ ಹೋದೆ. ಕೈ ಮುಗಿಯಲು ಹೋದವನನ್ನು ತಡೆದು "ಅಕ್ಕ ಹೇಗಿದ್ದಾರೆ?" ಅಂತ ಕೇಳಿದ. ಸುಟ್ಟು ಕರಕಲಾದ ಬ್ರೇಕ್ ಲೈನರ್ ಬಿಚ್ಚಿ ನನ್ನ ಮುಂದಿಟ್ಟು ಹೊಸದು ಹಾಕಿದ. ಹ್ಯಾಂಡ್ ಬ್ರೇಕನ್ನು ಎಷ್ಟು ಬೇಕೋ ಅಷ್ಟೇ ಬಿಗಿ ಮಾಡಿದ. ಆ ನಟ್ಟಿನ ಮೇಲೆ ನಾನು ನೋಡುತ್ತಿದ್ದಂತೆಯೇ ಬಿಳಿ ಬಣ್ಣದ ಒಂದು ಚುಕ್ಕೆ ಇಟ್ಟ, ಇನ್ನೊಮ್ಮೆ ಯಾರಾದರೂ ತಿರುಗಿಸಿದರೆ ಗೊತ್ತಾಗಲಿ ಅಂತ. ಅವನು ಮೊದಲಿನ ಹಾಗೆ ನನ್ನ ಜೊತೆ ನಗುವುದಿಲ್ಲ. ಅದು ಅವನ ಹಕ್ಕು.

ಕಾರು ಈಗ ಮತ್ತೆ ಹದಿನಾರು ಕೊಡುತ್ತದೆ. ಕಲ್ಲು ನಲ್ಲಿಯ ಹತ್ತಿರದಿಂದ ಡಿಕ್ಕಿಗೆ ವಾಪಸ್ ಬಂದಿದೆ. ಚಾಪೆ, ಫ್ಲಾಸ್ಕು, ಕಂಬಳಿ, ದಿಂಬು ಎಲ್ಲ ಹತ್ತಿವೆ. ನಾನು ಪೆಟ್ರೋಲಿನ ಮಾತೇ ಎತ್ತುವುದಿಲ್ಲ. ಸೋಮವಾರ, ಗುರುವಾರದ ಹಿಂದಿನ ಸಂಜೆಯೇ ಗೋಣಿಕೊಪ್ಪಲಿಗೆ ಹೋಗಿ ಟ್ಯಾಂಕ್ ತುಂಬಿಸಿಕೊಂಡು ಬರುತ್ತೇನೆ. ಬೆಳಗ್ಗೆ ಅವಳ ಕೈ ಹಿಡಿದು ಸೀಟಿನಲ್ಲಿ ಕೂರಿಸುತ್ತೇನೆ. ಅವಳು ಒಂದು ಕಾಲನ್ನು ಹೊರಗೇ ಇಟ್ಟುಕೊಂಡು, ನಾನು ಕೀಲಿ ತಿರುಗಿಸುವ ತನಕ ಕಾಯುತ್ತಾಳೆ. ಮುಳ್ಳು ಮೇಲೆ ಹೋಗಿ ನಿಂತದ್ದನ್ನು ನೋಡಿದ ಮೇಲೆಯೇ ಆ ಕಾಲನ್ನು ಒಳಗಿಟ್ಟು ಬಾಗಿಲು ಹಾಕಿಕೊಳ್ಳುತ್ತಾಳೆ.